ಅಪ್ಪ ತೆಗೆದಿಟ್ಟ ಎಲೆ ಚಹಾ

ಚಹಾ ಬಾಯಿಗೆ ಹಾಕಿಕೊಂಡು ಉಗುಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ತುರ್ಭೆಯ ಒಂದು ಚಹಾ ಕಂಪನಿಯಲ್ಲಿ ಹದಿನೇಳು ವರ್ಷಗಳಿಂದ ರುಚಿ ನೋಡುವವಳು ನಾನು. ಬೆಳಿಗ್ಗೆ ಹತ್ತಕ್ಕೆ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳು ಸಾಲಾಗಿ ಕಾದಿರುತ್ತವೆ. ಚಮಚದಲ್ಲಿ ಎತ್ತಿ, ಸುರ್ರೆಂದು ಎಳೆದು, ನಾಲಗೆಯ ಮೇಲೆ ಒಮ್ಮೆ ಹೊರಳಿಸಿ, ಪಕ್ಕದ ಡಬ್ಬಕ್ಕೆ ಉಗುಳಿ, ಒಂದೇ ಮಾತಿನಲ್ಲಿ ತೀರ್ಪು ಹೇಳಿ ಮುಂದಿನ ಬಟ್ಟಲಿಗೆ ಹೋಗಬೇಕು. ಹಿಂದೆ ಬರುವವರು ಬರೆದುಕೊಳ್ಳುತ್ತಾರೆ. ಯೋಚಿಸುತ್ತ ನಿಂತರೆ ಅನುಮಾನ ಶುರುವಾಗುತ್ತದೆ. ಆದ್ದರಿಂದ ನಮ್ಮಲ್ಲಿ ಬಾಯಿ ಮೊದಲು, ತಲೆ ಆಮೇಲೆ.

ಅಪ್ಪನದೂ ಚಹಾದ ಕೆಲಸವೇ. ಉಡುಪಿ ಕಡೆಯಿಂದ ಬಂದು, ಡೊಂಬಿವಲಿ ಸ್ಟೇಷನ್ ಹತ್ತಿರ ಊರಿನವರದೇ ಒಂದು ಹೋಟೆಲಿನ ಚಾ ಕೌಂಟರಿನಲ್ಲಿ ನಿಂತವರು, ಹೋಟೆಲು ಇರುವಷ್ಟು ದಿನವೂ ಅಲ್ಲೇ ನಿಂತರು. ಕಪ್ಪು ಪುಡಿ, ಎಮ್ಮೆ ಹಾಲು, ಜಜ್ಜಿದ ಶುಂಠಿ, ಮೂರು ಕುದಿ. ಲೋಕಲ್ ರೈಲು ತಪ್ಪುತ್ತದೆಂದು ಒದ್ದಾಡುವ ಜನವೂ ಅದನ್ನು ಕುಡಿಯದೆ ಪ್ಲಾಟ್‌ಫಾರ್ಮಿಗೆ ಹೋಗುತ್ತಿರಲಿಲ್ಲ.

ನಾನು ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ಚಾಳಿನಲ್ಲಿ ಬೆಳೆದವಳು. ಗಾಳಿ ತಿರುಗಿದರೆ ಸಾಕು, ಇವತ್ತು ಯಾವ ಕಾರ್ಖಾನೆ ಹೊಗೆ ಬಿಟ್ಟಿದೆ ಎಂದು ಮೂಗಿನಲ್ಲೇ ಹೇಳುತ್ತಿದ್ದೆ. ಕೆಮಿಸ್ಟ್ರಿ ಓದಿ ಚಹಾ ಕಂಪನಿಯ ಲ್ಯಾಬಿಗೆ ಸೇರಿದಾಗ ಅಲ್ಲಿಯ ಹಿರಿಯರೊಬ್ಬರಿಗೆ ಈ ಮೂಗು ಕಣ್ಣಿಗೆ ಬಿತ್ತು. ಅವರೇ ಕೆಲಸ ಕಲಿಸಿದರು. ಮಗಳಿಗೆ ಇಂಥ ಕೆಲಸ ಸಿಕ್ಕಿದೆ ಎಂದು ಅಪ್ಪ ಗಿರಾಕಿಗಳಿಗೆಲ್ಲ ಸಾರಿದರು, ಅದೂ ತಮ್ಮ ಮುರುಕು ಮರಾಠಿಯಲ್ಲಿ. ನನಗೆ ನಾಚಿಕೆಯಾಗುತ್ತಿತ್ತು.

ನಾಲಗೆ ಕಾಪಾಡಿಕೊಳ್ಳಬೇಕು, ಈರುಳ್ಳಿ ಬೆಳ್ಳುಳ್ಳಿ ಖಾರ ಕಡಿಮೆ ಮಾಡಬೇಕು ಎಂದು ಆ ಹಿರಿಯರು ಹೇಳಿದ್ದರು. ನಾನು ಅದನ್ನು ವ್ರತ ಮಾಡಿಕೊಂಡೆ. ಹೋಟೆಲಿಗೆ ಹೋದಾಗ ಅಪ್ಪ ಗ್ಲಾಸು ಮುಂದೆ ಮಾಡಿದರೆ, ‘ಬೇಡಪ್ಪ, ನಾಲಗೆ ಕೆಡ್ತದೆ’ ಎನ್ನುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವವರು ಸಂಜೆಯಾದರೆ ರಸ್ತೆ ಬದಿಯಲ್ಲಿ ನಿಂತು ಕಟಿಂಗ್ ಚಾ ಕುಡಿಯುತ್ತಿದ್ದರು, ಯಾರ ನಾಲಗೆಯೂ ಕೆಟ್ಟಿರಲಿಲ್ಲ. ನನ್ನದು ಬರೀ ಒಣ ಜಂಬ. ಅಪ್ಪ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಆದರೆ ಪ್ರತಿ ಸಲವೂ ಗ್ಲಾಸು ಮುಂದೆ ಮಾಡುತ್ತಿದ್ದರು. ‘ಚೆನ್ನಾಗಿದೆ’ ಎಂಬ ಒಂದು ಮಾತು ಮಗಳ ಬಾಯಿಂದ ಬರಲಿ ಎಂಬುದೇ ಅವರ ಆಸೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಡಲಿಲ್ಲ.

ಒಂದು ವರ್ಷ ಡಿಸೆಂಬರಿನಲ್ಲಿ ಬೆಟ್ಟದ ತೋಟವೊಂದರ ಇಡೀ ಎಲೆಯ ಚಹಾ ತಂದುಕೊಟ್ಟೆ. ಪುಡಿ ಕುದಿದರೆ ಬಣ್ಣ ಕೊಡುತ್ತದೆ, ಒಗರು ಕೊಡುತ್ತದೆ, ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಎಲೆಗೆ ಆತುರವಿಲ್ಲ. ಒಣಗಿದಾಗ ಕಸಕಡ್ಡಿಯಂತೆ ಸುರುಟಿಕೊಂಡಿರುತ್ತದೆ. ಬಿಸಿನೀರು ಬಿದ್ದ ಮೇಲೆ ನಿಧಾನಕ್ಕೆ ಮೈ ಬಿಚ್ಚುತ್ತದೆ, ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಯಾವುದೋ ಹೂವು, ಕುಡಿದಾದ ಮೇಲೂ ಗಂಟಲಲ್ಲಿ ಸಣ್ಣ ಸಿಹಿ. ಅದನ್ನೆಲ್ಲ ಅಪ್ಪನಿಗೆ ಗಾಜಿನ ಲೋಟದಲ್ಲಿ ತೋರಿಸಿದೆ. ಹಾಲು ಹಾಕಬಾರದು, ಕುದಿಸಬಾರದು, ಐದು ನಿಮಿಷ ಮುಚ್ಚಿಡಬೇಕು. ಅವರು ನೆನೆದ ಎಲೆಯೊಂದನ್ನು ತೆಗೆದು ಅಂಗೈಯಲ್ಲಿ ಬಿಡಿಸಿ ನೋಡಿದರು.

‘ಇಷ್ಟು ವರ್ಷ ಚಾ ಕಾಯಿಸಿದೆ ಮಾರಾಯ್ತಿ. ಇದರ ಎಲೆ ನೋಡಿದ್ದು ಇವತ್ತೇ.’

ಉಳಿದ ಪ್ಯಾಕೆಟ್ಟು ಕುಡಿದು ಮುಗಿಸಿರುತ್ತಾರೆ ಎಂದುಕೊಂಡು ನಾನು ಮರೆತೇಬಿಟ್ಟೆ.

ಮೂರು ವರ್ಷಗಳ ನಂತರ ಹೋಟೆಲಿನ ಕಟ್ಟಡ ಒಡೆಯುವುದೆಂದು ತೀರ್ಮಾನವಾಯಿತು. ಅಪ್ಪ ಫೋನ್ ಮಾಡಿದರು. ‘ನಾಡಿದ್ದು ಕೊನೇ ದಿನ. ಬಂದು ಹೋಗ್ತೀಯಾ?’ ಅರ್ಧ ದಿನ ರಜೆ ಹಾಕಿ ತುರ್ಭೆಯಿಂದ ಹೊರಟೆ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಗಟ್ಟಿಯಾಗಿ ನಿರ್ಧರಿಸಿದೆ, ಇವತ್ತು ಅಪ್ಪನ ಚಹಾ ಪೂರ್ತಿ ಗ್ಲಾಸು ಕುಡಿಯುವುದು, ಕುಡಿದು ಚೆನ್ನಾಗಿದೆ ಎನ್ನುವುದು. ಏನೋ ದೊಡ್ಡ ಉಪಕಾರ ಮಾಡಲು ಹೊರಟವಳಂತೆ ಖುಷಿಯಾಗಿದ್ದೆ.

ನಾನು ತಲುಪಿದಾಗ ಊಟದ ಹೊತ್ತು ಕಳೆದಿತ್ತು. ಉಳಿದವರು ಹಿಂದುಗಡೆ ಪಾತ್ರೆ ಕಟ್ಟುತ್ತಿದ್ದರು, ಕೌಂಟರಿನಲ್ಲಿ ಅಪ್ಪ ಒಬ್ಬರೇ ಇದ್ದರು. ‘ಒಂದು ಚಾ ಕೊಡಿ ಅಪ್ಪ’ ಎಂದೆ. ಅಪ್ಪನ ಮುಖ ಅರಳಿತು.

‘ನಿನಗೆ ಇದಲ್ಲ. ನಿನಗೆ ಬೇರೆ ಉಂಟು, ಕೂತ್ಕೋ.’

ಒಳಗೆ ಹೋಗಿ, ಬೀಗ ಹಾಕಿಡುವ ಕಪಾಟಿನಿಂದ ಆ ಪ್ಯಾಕೆಟ್ಟು ತಂದರು. ಯಾರೂ ಮುಟ್ಟದಿರಲಿ ಎಂದು ಗೋಡಂಬಿ, ಏಲಕ್ಕಿ, ಹಿಂಗು ಇಡುವ ಜಾಗದಲ್ಲಿ ಇಟ್ಟಿದ್ದರಂತೆ. ಬಾಯಿಗೆ ಎರಡು ರಬ್ಬರ್ ಬ್ಯಾಂಡ್. ನೀರು ಕುದಿಸಿ, ಒಲೆ ಆರಿಸಿ, ಎಲೆ ಹಾಕಿ, ತಟ್ಟೆ ಮುಚ್ಚಿ, ಗೋಡೆಯ ಗಡಿಯಾರ ನೋಡುತ್ತ ನಿಂತರು. ನಾನು ಹೇಳಿಕೊಟ್ಟಿದ್ದರಲ್ಲಿ ಒಂದೂ ತಪ್ಪಲಿಲ್ಲ. ಎರಡು ಗ್ಲಾಸಿಗೆ ಸೋಸಿ ಒಂದನ್ನು ನನ್ನ ಕೈಗಿತ್ತರು.

ಸುರ್ರೆಂದು ಎಳೆದೆ. ಹಿಂಗು. ಹಳಸಲು, ಅದರ ಮೇಲೆ ಹಿಂಗು. ಚಹಾದ ಎಲೆ ಪಕ್ಕದಲ್ಲಿದ್ದುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ಹೇಳಿಕೊಡುವುದನ್ನು ನಾನು ಮರೆತಿದ್ದೆ. ಆದರೆ ಇದೆಲ್ಲ ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಬಾಯಿ ತನ್ನ ಕೆಲಸ ಮುಗಿಸಿತ್ತು. ಗ್ಲಾಸು ತೊಳೆಯುವ ಬಕೆಟ್ಟಿಗೆ ಉಗುಳಿ, ‘ರಿಜೆಕ್ಟ್’ ಎಂದಿದ್ದೆ.

ಅಪ್ಪ ತಮ್ಮ ಗ್ಲಾಸನ್ನು ತುಟಿಯ ಹತ್ತಿರ ಹಿಡಿದಿದ್ದರು. ಕೆಳಗಿಟ್ಟರು.

‘ಅಪ್ಪ, ಹಿಂಗಿನ ವಾಸನೆ ಹಿಡಿದಿದೆ, ಅಷ್ಟೇ. ನಿಮ್ಮದೇನೂ ತಪ್ಪಿಲ್ಲ,’ ಎಂದೆ.

‘ಹೌದಾ? ನನಗೆ ಗೊತ್ತೇ ಆಗ್ಲಿಲ್ಲ ನೋಡು,’ ಎಂದು ನಕ್ಕರು. ಎರಡೂ ಗ್ಲಾಸು ಚೆಲ್ಲಿ, ತೊಳೆದು, ಬೋರಲು ಹಾಕಿದರು. ಒಲೆಯ ಮೇಲೆ ಅವರ ಚಹಾ ಇನ್ನೂ ಬಿಸಿಯಾಗಿತ್ತು. ಅದನ್ನು ಕೇಳಿ ಕುಡಿಯಬಹುದಿತ್ತು. ಈಗ ಕೇಳಿದರೆ ಸಮಾಧಾನ ಮಾಡಿದಂತಾಗುತ್ತದೆ, ಇನ್ನೊಂದು ದಿನ ಮನೆಗೆ ಬಂದು ಕುಡಿದರಾಯಿತು ಎಂದುಕೊಂಡೆ. ನನ್ನ ಈ ಜಾಣತನಕ್ಕೆ ಬೆಂಕಿ ಬೀಳಲಿ. ಅವರು ಸ್ಟೇಷನ್ ಮೆಟ್ಟಿಲವರೆಗೆ ಬಂದು, ಜಾಗ್ರತೆ ಎಂದು ಹೇಳಿ ಹಿಂತಿರುಗಿದರು.

ಮೂರು ವಾರಕ್ಕೆ ಅಪ್ಪ ತೀರಿಕೊಂಡರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದರಂತೆ. ನಾನು ಚಾಳು ತಲುಪುವಷ್ಟರಲ್ಲಿ ಅವರನ್ನು ಹೊರಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ನಾನು ತಲೆಯ ಹತ್ತಿರ ಅಮ್ಮನಿಗೆ ಒತ್ತಿಕೊಂಡು ಕೂತೆ. ಅಳು ಬಂತು, ಆದರೆ ಅದರಿಂದ ಏನೂ ಹಗುರಾಗಲಿಲ್ಲ.

ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು ಬದಲಾಪುರದಿಂದ ಬಂದಿದ್ದರು. ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು.

‘ಕೊನೇ ದಿನ ನೀನು ಬಂದಿದ್ಯಲ್ಲ, ನಾವು ಹಿಂದೆ ಪಾತ್ರೆ ಕಟ್ತಾ ಇದ್ವು. ನೀನು ಹೋದ ಮೇಲೆ ಅಪ್ಪ ಒಳಗೆ ಬಂದು ಎಲ್ರನ್ನೂ ಕರೆದು ಹೇಳಿದ್ರು. ಮಗಳು ನನ್ನ ಚಾ ಕುಡಿದ್ಲು, ಇಡೀ ಗ್ಲಾಸು ಕುಡಿದ್ಲು, ಫಸ್ಟ್ ಕ್ಲಾಸ್ ಅಂದ್ಲು ಅಂತ. ಮೊನ್ನೆ ಫೋನ್ ಮಾಡಿದಾಗ್ಲೂ ಅದೇ ಮಾತು. ಹೌದಾ, ಫಸ್ಟ್ ಕ್ಲಾಸ್ ಅಂದಿದ್ಯಾ?’

ಅಮ್ಮ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳಿಗೂ ಅಪ್ಪ ಹಾಗೆಯೇ ಹೇಳಿದ್ದಿರಬೇಕು.

‘ಹೌದು,’ ಎಂದೆ. ‘ಫಸ್ಟ್ ಕ್ಲಾಸ್ ಅಂದಿದ್ದೆ.’

ಅಪ್ಪನ ಕಿವಿ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.