ಸೋಮವಾರದ ಶೂ, ಗುರುವಾರದ ಚಪ್ಪಲಿ

"ಅಮ್ಮಾ, ಮಾತ್ರೆ ಆಂಟಿ ಒಂದು ಮಾತ್ರೆನೂ ತರಲ್ಲ. ಮತ್ತೆ ಯಾಕೆ ಬರ್ತಾರೆ?" ಹಾಲಿನ ಲೋಟ ಹಿಡಿದುಕೊಂಡೇ ಮಗಳು ಇವತ್ತು ಅವರೆದುರಿಗೇ ಕೇಳಿಬಿಟ್ಟಳು.

"ಸರಿಯಾಗಿ ಹಿಡಿದೆ ನೋಡು ನನ್ನ!" ಎಂದು ಆಕೆ ನಕ್ಕರು.

ಆಕೆ ಫಾರ್ಮಸಿಸ್ಟ್. ಹನ್ನೊಂದು ವರ್ಷ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಿಂತು, "ಊಟಕ್ಕೆ ಮುಂಚೆ, ಊಟ ಆದ್ಮೇಲೆ" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವರು. ಕಿಟಕಿಯಿಂದ ಮಾತ್ರೆ ಆಚೆ ಹೋದದ್ದು ಕಾಣುತ್ತದೆ, ಹೊಟ್ಟೆಗೆ ಹೋದದ್ದು ಕಾಣುವುದಿಲ್ಲ ಎನ್ನುತ್ತಾರೆ. ಈಗ ಆಸ್ಪತ್ರೆಯವರೇ ಅವರನ್ನು ಮನೆಮನೆಗೆ ಕಳಿಸುತ್ತಿದ್ದಾರೆ.

ನಮ್ಮಲ್ಲಿಗೆ ಬರುವುದು ಮಾವನವರಿಗಾಗಿ. ಅವರ ಹೃದಯ ಸ್ವಲ್ಪ ಸೋತಿದೆ. ಮೈಯಲ್ಲಿ ನೀರು ನಿಲ್ಲದಿರಲೆಂದು ದಿನಾ ಬೆಳಿಗ್ಗೆ ಏಳಕ್ಕೆ ಒಂದು ಮಾತ್ರೆ. ನುಂಗಿದ ಅರ್ಧ ಗಂಟೆಗೇ ಬಚ್ಚಲಿಗೆ ಓಡಿಸುವಂಥದ್ದು. ನಾನೇ ಕೈಗೆ ಕೊಡುತ್ತೇನೆ. ಆದರೂ ಕಾಲಿನ ಊತ ಇಳಿದಿಲ್ಲ. ನಾಳೆ ತೋರಿಸಲು ಹೋದಾಗಲೂ ಹೀಗೇ ಇದ್ದರೆ ಮಾತ್ರೆ ದುಪ್ಪಟ್ಟು, ಅದಕ್ಕೂ ಬಗ್ಗದಿದ್ದರೆ ಅಡ್ಮಿಟ್ ಎಂದಿದ್ದಾರೆ ಡಾಕ್ಟರು.

ಮಗಳನ್ನು ಶಾಲೆಯಿಂದ ಕರೆತಂದು ಮಾವ ಈಗಷ್ಟೇ ಸೋಫಾದಲ್ಲಿ ಕುಳಿತಿದ್ದರು. ಆಕೆ ಬಾಗಿಲ ಬಳಿ ಮಾವ ಬಿಟ್ಟ ಚಪ್ಪಲಿ ನೋಡಿದರು.

"ಸೋಮವಾರ ಬಂದಾಗ ಶೂ ಇತ್ತಲ್ಲ ಸರ್?"

"ಗುರುವಾರದ ಹೊತ್ತಿಗೆ ಶೂ ಕುಗ್ಗಿಬಿಡುತ್ತೆ."

"ಸೋಮವಾರ ಮತ್ತೆ ಹಿಗ್ಗುತ್ತಾ? ಒಳ್ಳೇ ಶೂ!"

ಮಾತ್ರೆ ನುಂಗಿದಿರಾ ಎಂದು ಆಕೆ ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಹೂಂ ಅನ್ನುತ್ತಾರಂತೆ. "ಇವತ್ತು ಎದ್ದಾಗಿನಿಂದ ಹೇಳ್ತಾ ಹೋಗಿ" ಎಂದರು.

ಎದ್ದೆ, ಪೇಪರ್ ಓದಿದೆ, ಮೊಮ್ಮಗಳ ಜೊತೆ ಬಸ್ ಹತ್ತಿದೆ ಎಂದು ಮಾವ ಶುರು ಮಾಡಿದರು.

"ಬಸ್ಸಲ್ಲಿ ಎಷ್ಟು ಹೊತ್ತು?"

"ಹೋಗ್ತಾ ಮುಕ್ಕಾಲು ಗಂಟೆ, ಬರ್ತಾ ಮುಕ್ಕಾಲು."

"ದಾರೀಲಿ ಟಾಯ್ಲೆಟ್ಟು?"

ಮಾವ ಅಂಗಿಯ ಜೇಬಿಗೆ ಕೈಹಾಕಿ, ಬೆಳಿಗ್ಗೆ ನಾನು ಕೊಟ್ಟ ಮಾತ್ರೆಯನ್ನೇ ತೆಗೆದು ಟೀಪಾಯ್ ಮೇಲಿಟ್ಟರು.

"ಏನ್ ಮಾವ ಇದು! ಇಷ್ಟು ದಿನ ನನ್ನ ಕಣ್ಣಿಗೇ ಮಣ್ಣೆರಚಿದ್ರಾ?"

"ವಾರಕ್ಕೆ ಐದೇ ದಿನ ಕಣಮ್ಮ. ಶನಿವಾರ, ಭಾನುವಾರ ಸರಿಯಾಗಿ ನುಂಗ್ತೀನಿ, ಅದಕ್ಕೇ ಸೋಮವಾರ ಶೂ ಹಿಡಿಸುತ್ತೆ. ಹೊತ್ತು ಮೀರಿದ್ರೆ ನುಂಗಬಾರದು ಅಂದ್ಕೊಂಡೆ. ನಿಂಗೆ ಹೇಳಿದ್ರೆ ಮಗೂನ ಕರ್ಕೊಂಡು ಹೋಗೋದು ಬಿಡಿಸ್ತೀಯ. ಆಮೇಲೆ ಫ್ಯಾನ್ ನೋಡ್ತಾ ಕೂರ್ಲಾ ನಾನು?"

ಆಕೆಯ ಮುಖದಲ್ಲಿ ಮಾತ್ರ ಒಂದಿಷ್ಟೂ ಗಾಬರಿಯಿಲ್ಲ.

"ಯಾರೂ ಏನೂ ಬಿಡಿಸಲ್ಲ ಸರ್. ಮಗೂನ ಬಿಟ್ಟು ಹತ್ತಕ್ಕೆ ವಾಪಸ್ ಬರ್ತೀರಿ ತಾನೆ? ಬಂದು ನುಂಗಿ. ಇದಕ್ಕೆ ಏಳು ಗಂಟೇನೇ ಆಗ್ಬೇಕು ಅನ್ನೋ ಹಟ ಇಲ್ಲ. ಮಧ್ಯಾಹ್ನ ಮತ್ತೆ ಹೊರಡೋ ಹೊತ್ತಿಗೆ ಅದರ ಆಟ ಮುಗಿದಿರುತ್ತೆ."

"ಅಷ್ಟೇನಾ?" ಎಂದರು ಮಾವ, ಮೋಸ ಹೋದವರಂತೆ.

ಆಕೆ ಅಲ್ಲೇ ಕುಳಿತು ಡಾಕ್ಟರಿಗೆ ಒಂದು ಚೀಟಿ ಬರೆದರು: ಇಷ್ಟು ದಿನ ವಾರಕ್ಕೆ ಎರಡೇ ದಿನ ನುಂಗಿದ್ದಾರೆ, ಇನ್ನು ದಿನಾ ನುಂಗುತ್ತಾರೆ, ಈಗಲೇ ದುಪ್ಪಟ್ಟು ಮಾಡಿದರೆ ಬಿ.ಪಿ. ಇಳಿದು ತಲೆ ಸುತ್ತಿ ಬಿದ್ದಾರು. ಗೇಟಿನವರೆಗೆ ಹೋದ ನನ್ನ ಕೈಗೆ ಅದನ್ನಿಟ್ಟರು.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನನ್ನ ಚೀಟಿಗಳನ್ನ ಡಾಕ್ಟರು ಮೇಜಿನ ಗಾಜಿನ ಕೆಳಗೆ ಬಹಳ ಜೋಪಾನವಾಗಿ ಇಡ್ತಾರೆ, ಓದೋದೊಂದು ಬಿಟ್ಟು. ನಾಳೆ ನೀವೇ ಜೊತೆಗೆ ಹೋಗಿ ಕೈಗೆ ಕೊಡಿ. ಕೊನೇ ಸಾಲಿನ ತನಕ ಅವರು ಓದೋವರೆಗೂ ಕುರ್ಚಿ ಬಿಟ್ಟು ಏಳ್ಬೇಡಿ. ಮಾಡ್ತೀರಾ?"