ಹನ್ನೆರಡನೇ ಫ್ರೆಟ್‌ನ ಗಿಟಾರು ಮತ್ತು ಉರಿಗಾಂ ಮಾಸ್ಟ್ರು

ಬಂಗಾರಪೇಟೆಯ ನನ್ನ ಹಳೇ ಸಾಮಾನಿನ ಅಂಗಡಿಯ ಪಕ್ಕದಲ್ಲಿ ಮೊನ್ನೆ ಒಬ್ಬ ಬಡಗಿ ಅಂಟು ಕುದಿಸುತ್ತಿದ್ದ. ಸುಟ್ಟ ಗೊರಸಿನಂಥ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಉರಿಗಾಮಿನ ಗಿಟಾರ್ ಮಾಸ್ಟ್ರು ನೆನಪಾದರು. ಪ್ರೀತಿಯಿಂದಲ್ಲ… ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮಾತು. ಮಾಸ್ಟ್ರು ಚಿನ್ನದ ಗಣಿಯೊಳಗೆ ಮರದ ಕಂಬ ನಿಲ್ಲಿಸುವ ಕೆಲಸದವರು. ಸಂಜೆ ಹೊತ್ತು ಗಿಟಾರ್ ಕಲಿಸುತ್ತಿದ್ದರು, ರಿಪೇರಿಯನ್ನೂ ಮಾಡುತ್ತಿದ್ದರು. ಬರುತ್ತಿದ್ದದ್ದು ನಾಲ್ಕು ಹಾಡು. ಗತ್ತು ನಲವತ್ತು ಹಾಡಿನದು. ಉಳಿ ಹಿಡಿಯಲು ಬಂದರೆ ವಾದ್ಯವೂ ಅರ್ಥವಾದಂತೆ ಎಂದು ನಂಬಿದ್ದ ಆಸಾಮಿ.

ನಂದಿದುರ್ಗದ ಗಣಿ ಲೈನಿನ ಸಾಲುಮನೆಯಲ್ಲಿದ್ದ ಒಬ್ಬ ಟೀಚರಮ್ಮನ ಬಳಿ ಅವರ ತಂದೆ ಬಿಟ್ಟುಹೋದ ಗಿಟಾರಿತ್ತು. ಫ್ರೆಟ್ ಎಂದರೆ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ; ಇದು ಕತ್ತು ಒಡಲಿಗೆ ಹನ್ನೆರಡನೇ ಫ್ರೆಟ್‌ನಲ್ಲೇ ಸೇರುವ ಹಳೇ ಮಾದರಿ. ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಆಕೆಯ ಎಡಗೈ ಪೂರ್ತಿ ಚಾಚುತ್ತಿರಲಿಲ್ಲ. ಅಂಥ ಗಿಟಾರಿನಲ್ಲಿ ಮೊದಲ ಫ್ರೆಟ್ ಮೈಗೆ ಹತ್ತಿರ. ಆ ಕೈಗೂ ಎಟುಕುತ್ತಿತ್ತು. ತಂತಿ ಕಟ್ಟುವ ಬ್ರಿಡ್ಜ್ ಒಡಲಿನ ಅಗಲವಾದ ಜಾಗದ ನಡುವೆ ಕೂರುವುದರಿಂದ ದನಿಯೂ ತುಂಬಿಕೊಂಡು ಬರುತ್ತಿತ್ತು. ಅದನ್ನು ಕೊಳ್ಳಲೆಂದೇ ಹೋಗಿದ್ದ ನಾನು, ಆಕೆ ನುಡಿಸಿದ್ದು ಕೇಳಿ ಚೌಕಾಸಿ ಮರೆತು ಕೂತೆ. ಬರಿಗೈಲಿ ಹೊರಡುವಾಗ, ಮುಂಭಾಗದ ಸಣ್ಣ ಬಿರುಕು ನೋಡಿ ಉಪದೇಶ ಮಾಡಿದವನೂ ನಾನೇ.

"ಉರಿಗಾಂ ಮಾಸ್ಟ್ರ ಅತ್ರ ಅಂಟು ಆಕ್ಸಿ ಟೀಚರಮ್ಮ."

ಹದಿನೈದು ದಿನ ಬಿಟ್ಟು ಇಬ್ಬರೂ ತರಲು ಹೋದೆವು. ಕತ್ತು ಎರಡು ಫ್ರೆಟ್‌ನಷ್ಟು ಹೊರಗೆ ಚಾಚಿಕೊಂಡಿತ್ತು!

"ಅಳೇ ಕಾಲದ್ದು ಕಣಮ್ಮ, ಅನ್ನೆರಡಕ್ಕೇ ಕೈ ತಡೀತಿತ್ತು. ಅದ್ನಾಲ್ಕು ಮಾಡಿವ್ನಿ. ಈಗ ಮೇಲಿನ್ ಸ್ವರಾನೂ ಸಿಗ್ತದೆ," ಎಂದರು ಮಾಸ್ಟ್ರು, ಅದರ ಕತ್ತು ಸವರುತ್ತಾ.

"ನಾನು ಕೇಳಿದ್ದು ಬಿರುಕಿಗೆ ಅಂಟು ಮಾತ್ರ ಅಲ್ವಾ ಮಾಸ್ಟ್ರೇ?" ಎಂದರು ಟೀಚರಮ್ಮ.

ಗಣಿಯೊಳಗೆ ಕಂಬ ಗಿಡ್ಡವಾದರೆ ಬುಡಕ್ಕೊಂದು ಮರದ ತುಂಡು ಕೊಟ್ಟು ಎತ್ತರಿಸುತ್ತಾರೆ. ಈ ಮಹಾಶಯ ಗಿಟಾರಿನ ಕತ್ತಿಗೂ ಅದನ್ನೇ ಮಾಡಿದ್ದ! ಬ್ರಿಡ್ಜ್ ಮಾತ್ರ ಇದ್ದಲ್ಲೇ ಇತ್ತು. ತಂತಿ ಉದ್ದವಾಯಿತು, ಫ್ರೆಟ್‌ಗಳ ಅಳತೆ ಹಳೆಯದೇ ಉಳಿಯಿತು. ಬರಿಯ ತಂತಿ ಮೀಟಿದರೆ ಶ್ರುತಿ ಸರಿ. ಬೆರಳು ಮೇಲೆ ಸರಿದಂತೆಲ್ಲ ಸ್ವರ ತಗ್ಗುತ್ತಾ ಹೋಯಿತು.

"ಕಿವಿ ಐತಾ ಮಾಸ್ಟ್ರೇ, ಇಲ್ಲ ಅದಕ್ಕೂ ತುಂಡು ಕೊಟ್ಕೊಂಡಿದ್ದೀರಾ?" ಎಂದೆ.

"ಓಗ್ಲಾ ಗುಜರಿಯೋನೆ! ಬ್ರಿಡ್ಜ್ ಮೇಲಕ್ಕೆ ಜರುಗಿಸಿದ್ರೆ ಮುಗೀತು."

ಮೊದಲಿನಂತೆ ಮಾಡೋಣವೆಂದರೆ ಕತ್ತಿನ ಬುಡವನ್ನು ಆಗಲೇ ಕೊಯ್ದು ಹಾಕಿದ್ದರು. ಮುಂದಿನ ವಾರ ಬ್ರಿಡ್ಜ್ ಜರುಗಿಸಿ ಕೊಟ್ಟರು. ಶ್ರುತಿ ಕೂಡಿತು. ಆದರೆ ಬ್ರಿಡ್ಜ್ ಒಡಲಿನ ತೂತಿನ ಹತ್ತಿರಕ್ಕೆ ಬಂದು ಆ ತುಂಬು ದನಿ ಸತ್ತುಹೋಯಿತು. ಹದಿನಾಲ್ಕರ ಗಿಟಾರೇ ಕೆಟ್ಟದ್ದೆಂದಲ್ಲ. ಅದಕ್ಕೆಂದೇ ಕಟ್ಟಿದ್ದರೆ ಚುರುಕಾಗಿ, ತಿಳಿಯಾಗಿ ನುಡಿಯುತ್ತದೆ. ಇದು ತಗಡು ಬಡಿದಂತೆ ನುಡಿಯಿತು. ಟೀಚರಮ್ಮ ಎಡಗೈ ಚಾಚಿದರು. ಬೆರಳು ಮೊದಲ ಫ್ರೆಟ್ ಮುಟ್ಟಲಿಲ್ಲ. ಮತ್ತೊಮ್ಮೆ ಚಾಚಿದರು…

"ಅಭ್ಯಾಸ ಮಾಡ್ಬೇಕಮ್ಮ," ಎಂದರು ಮಾಸ್ಟ್ರು. ತಪ್ಪಾಯಿತು ಎನ್ನುವ ಮಾತು ಆ ಬಾಯಿಗೆ ಗೊತ್ತೇ ಇರಲಿಲ್ಲ.

ದಾರಿಯಲ್ಲಿ ಟೀಚರಮ್ಮ ಗಿಟಾರನ್ನು ನನ್ನ ಕೈಗೆ ಕೊಟ್ಟರು. "ಮನೇಲಿದ್ರೆ ಕಣ್ಣಿಗೆ ಬೀಳ್ತದೆ. ನೀವೇ ತಗೊಂಡೋಗಿ ಅಣ್ಣ." ಕೊಳ್ಳಲು ಹೋಗಿದ್ದ ವಸ್ತು ಪುಕ್ಕಟೆ ಸಿಕ್ಕಿತು, ಅಂಥ ನಷ್ಟದ ವ್ಯಾಪಾರ ನಾನು ಇನ್ನೊಂದು ಮಾಡಿಲ್ಲ.

ಗಿಟಾರ್ ಕೊಳ್ಳಲು ಬಂದವರಿಗೆ ಈಗಲೂ ಹೇಳುತ್ತೇನೆ: ಕತ್ತು ಎಲ್ಲಿ ಸೇರಿದೆ ಎಣಿಸಿ ನೋಡಿ, ತೊಡೆಯ ಮೇಲಿಟ್ಟು ಕೈ ಚಾಚಿ ನೋಡಿ, ಆಮೇಲೆ ಕಿವಿಗೊಡಿ. ರಿಪೇರಿಗೆ ಕೊಟ್ಟರೆ ಎದುರಿಗೇ ಕೂತಿರಿ, ಎದ್ದು ಹೋಗಬೇಡಿ. ಮಾಸ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಟೀಚರಮ್ಮ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಎತ್ತ ಹೋದರೋ… ಎಂಥ ಮಾಲನ್ನಾದರೂ ಬಾಯಲ್ಲೇ ಬಣ್ಣಿಸಿ ಮಾರಬಲ್ಲವನು ನಾನು. ಟೀಚರಮ್ಮನ ಮನೆಯಲ್ಲಿ ಅವತ್ತು ಕೇಳಿದ ಗಿಟಾರಿನ ದನಿ ಹೇಗಿತ್ತೆಂದು ಮೊನ್ನೆ ನನ್ನ ಹೆಂಡತಿ ಕೇಳಿದಳು. ಹೇಳಲು ಬಾಯಿ ತೆರೆದೆ, ಒಂದು ಮಾತೂ ಬರಲಿಲ್ಲ.