ಪೊಟ್ಟೆಯೂ ಮೊಟ್ಟೆಯೂ

ಮೂವತ್ತೆರಡನೇ ವಯಸ್ಸಿನಲ್ಲಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ, ನಾನು ಬಂಟ್ವಾಳದ ಒಂದು ಅಂಗಡಿಗೆ ಪಂಪ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಕಲಿಯಲು ಸೇರಿದೆ. ಕಲಿಸುವವರಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಓಡುವ ಪಂಪಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಬೆರಳಿನಲ್ಲಿ ತೋರಿಸುತ್ತಿದ್ದರು: ಬೇರಿಂಗ್ ಹೋಗಿದೆ, ಅಥವಾ ಕಾಯಿಲ್ ಸುಡಲು ಶುರುವಾಗಿದೆ. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಮೂಡುಬಿದಿರೆಯಿಂದ, ಕೊಕ್ಕಡದಿಂದ ಜನ ಪಂಪು ಹೊತ್ತುಕೊಂಡು ಬರುತ್ತಿದ್ದರು. ಎರಡು ಕಿವಿ ಇದ್ದ ನನಗೆ ಕೇಳಿಸದ್ದು ಅವರ ಅಂಗೈಗೆ ಕೇಳಿಸುತ್ತಿತ್ತು.

ಹಾಗೆ ಬಂದವರು ದಾರಿ ಕೇಳುತ್ತಿದ್ದದ್ದು "ಪೊಟ್ಟನ ಅಂಗಡಿ ಎಲ್ಲಿ?" ಎಂದು. ಪೊಟ್ಟ ಎಂದರೆ ಮೂಗ; ತುಳುವಿನಲ್ಲಿ ಪೊಟ್ಟೆ. ನಾನು ಮಾತ್ರ ಅವರನ್ನು ಹಾಗೆ ಕರೆದವನಲ್ಲ. ಆದರೆ ಮನೆಯಲ್ಲಿ ಮಗಳು ಹಾಲು ಚೆಲ್ಲಿದರೆ, ದಡ್ಡಿ ಎಂಬ ಅರ್ಥದಲ್ಲಿ, "ಪೊಟ್ಟಿ" ಎಂದು ತಲೆ ಸವರುತ್ತಿದ್ದೆ. ಅದೂ ಇದೂ ಒಂದೇ ಪದ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಎರಡು ವರ್ಷ ಸುಟ್ಟ ತಂತಿ ಕಿತ್ತು ಕಿತ್ತು, ಕೊನೆಗೊಂದು ಸೋಮವಾರ ಅವರು ನನ್ನ ಕೈಗೆ ತಾಮ್ರದ ತಂತಿಯ ಉರುಳೆ ಕೊಟ್ಟರು. ಇನ್ನು ಕಾಯಿಲ್ ನೀನೇ ಸುತ್ತು ಎಂದು ಅದರ ಅರ್ಥ. ಅದೊಂದು ಬಂದರೆ ಬೆಳ್ತಂಗಡಿಯಲ್ಲಿ ನನ್ನದೇ ಅಂಗಡಿ ಹಾಕಬಹುದಿತ್ತು.

ಆ ಮಧ್ಯಾಹ್ನ ಎದುರಿನ ಹೋಟೆಲಿಗೆ ಹೋದೆ. ಹೋಟೆಲಿನವನು ಘಟ್ಟದ ಮೇಲಿನವ, ತುಳು ಬಾರದು. ಅವನ ಹತ್ತಿರ ಕನ್ನಡದಲ್ಲೇ ಮಾತು.

"ಎರಡು ಮೊಟ್ಟೆ ಕೊಡಿ, ಬೇಯಿಸಿದ್ದು. ಒಂದು ಅವರಿಗೆ" ಎಂದು ಅಂಗಡಿಯ ಕಡೆ ಕೈ ತೋರಿಸಿದೆ.

"ಕೆಲಸ ಕಲಿಸಿದ ಗುರುವಿಗೆ ಬರೀ ಮೊಟ್ಟೆಯಾ? ಕೋಳಿಯನ್ನೇ ಕೊಡಿ ಸ್ವಾಮಿ" ಎಂದ. ಇಬ್ಬರೂ ನಕ್ಕೆವು.

ಅಂಗಡಿಗೆ ವಾಪಸು ಬಂದಾಗ ಅವರು ಮೊಟ್ಟೆಯ ಪೊಟ್ಟಣ ಮುಟ್ಟಲಿಲ್ಲ. ಉರುಳೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮರುದಿನವೂ ತೆಗೆಯಲಿಲ್ಲ, ಅದರ ಮರುದಿನವೂ. ನಾನು ನೆಲ ಗುಡಿಸಿ, ಬೋಲ್ಟು ಒರೆಸಿ, ಬಸ್ಸು ಹತ್ತಿ ಮನೆಗೆ ಹೋದೆ.

ನಾಲ್ಕನೇ ದಿನ ಊಟ ತಂದ ಅವರ ಹೆಂಡತಿ ನನ್ನನ್ನು ಹೊರಗೆ ಕರೆದರು. ಅವರಿಗೆ ಕಿವಿ, ಮಾತು ಎರಡೂ ಉಂಟು.

"ನೀವು ಹೋಟೆಲಿನಲ್ಲಿ ಇವರನ್ನು ತೋರಿಸಿ ಪೊಟ್ಟೆ ಅಂತ ಹೇಳಿ ನಗಾಡಿದ್ದಾ?"

"ದೇವರಾಣೆ ಇಲ್ಲ ಅಕ್ಕ! ನಾನು ಕೇಳಿದ್ದು ಮೊಟ್ಟೆ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೊರಗೋಡೆಗೆ ತೂಗಿದ್ದ ಕನ್ನಡಿಯ ಮುಂದೆ ನಿಲ್ಲಿಸಿದರು. "ಇವರಿಗೆ ಮಾತು ತಿಳಿಯುವುದು ತುಟಿ ನೋಡಿ. ಶಬ್ದ ಮಾಡದೆ ಎರಡನ್ನೂ ಹೇಳಿ ನೋಡುವ."

ಹೇಳಿದೆ. ಮತ್ತೆ ಹೇಳಿದೆ. ತುಟಿ ಎರಡು ಸಲವೂ ಒಂದೇ ರೀತಿ ಮುಚ್ಚಿ ಒಂದೇ ರೀತಿ ತೆರೆಯಿತು. ಪ ಫ ಬ ಭ ಮ, ತುಟಿಯಲ್ಲಿ ಹುಟ್ಟುವ ಅಕ್ಷರಗಳು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದವನು ನಾನು. ಅದು ನಿಜ ಎಂದು ಆವತ್ತೇ ಕಂಡದ್ದು. ಮೊಟ್ಟೆಯನ್ನು ತುಳುವಿನಲ್ಲಿ ತೆತ್ತಿ ಎಂದು ಕೇಳಿದ್ದರೆ ಇದೊಂದೂ ಆಗುತ್ತಿರಲಿಲ್ಲ.

"ರಸ್ತೆಯ ಆಚೆಯಿಂದ ಕಂಡದ್ದಾ?" ಎಂದೆ.

"ಬಸ್ಸಿನ ಕಿಟಕಿಯೊಳಗೆ ಹೇಳಿದರೂ ಕಾಣ್ತದೆ ಅವರಿಗೆ. ನಮ್ಮ ಅತ್ತೆ ಇವರನ್ನು ಹಾಗೇ ಕರೀತಾ ಇದ್ರು, ಪ್ರೀತಿಯಲ್ಲೇ. ಆಗ ಮಾತು ಬಾರದವ ಅಂತ ಅಷ್ಟೇ ಅರ್ಥ. ಈಗ ತಲೆ ಇಲ್ಲದವ ಅಂತ. ಸರಕಾರದ ಕಾರ್ಡಿನಲ್ಲಿ ಚಂದ ಮಾಡಿ ವಿಶೇಷ ಚೇತನ ಅಂತ ಬರೆದ್ರು. ಮೊನ್ನೆ ಬಸ್ಸಿನಲ್ಲಿ ಬಾಗಿಲಲ್ಲಿ ನಿಂತ ಯಾರೋ ಒಬ್ಬನಿಗೆ ಕಂಡಕ್ಟರ್ ಕೇಳ್ತಾನೆ, ಒಳಗೆ ಹೋಗ್ಲಿಕ್ಕೆ ಎಂತ, ನೀನು ವಿಶೇಷ ಚೇತನವಾ ಅಂತ. ಎಲ್ಲ ನಗಾಡಿದ್ರು ಮಾರಾಯ್ರೆ."

ಒಳಗೆ ಹೋಗಿ ಅಕ್ಕ ಕೈಯಲ್ಲಿ ಮೊಟ್ಟೆಯ ಆಕಾರ ಮಾಡಿ ಗಂಡನಿಗೆ ವಿವರಿಸಿದರು. ಅವರು ನಗಲಿಲ್ಲ. ನನ್ನ ಕಡೆ ತಿರುಗಿ ಬೆರಳಾಡಿಸಿದರು.

"ಮೊಟ್ಟೆ ಸರಿ. ಆದರೆ ಆ ಪದವನ್ನು ನೀವು ಯಾವತ್ತೂ ಹೇಳುವುದೇ ಇಲ್ವಾ ಅಂತ ಕೇಳ್ತಾರೆ" ಎಂದರು ಅಕ್ಕ.

ಇಲ್ಲ ಎನ್ನಬಹುದಿತ್ತು. ಆದರೆ ಅವರ ಕಣ್ಣು ನನ್ನ ತುಟಿಯ ಮೇಲಿತ್ತು. "ಮಗಳಿಗೆ ಹೇಳ್ತೇನೆ. ಏನಾದರೂ ತಪ್ಪು ಮಾಡಿದ್ರೆ. ಮುದ್ದಿಗೆ."

ಅಕ್ಕ ಅದನ್ನು ಕೈಗೆ ತರುವ ಮೊದಲೇ ಅವರಿಗೆ ತಿಳಿದಿತ್ತು. ಅವರು ಎದ್ದು, ಹತ್ತಿರ ಓಡುತ್ತಿದ್ದ ಪಂಪಿನ ಮೇಲೆ ನನ್ನ ಕೈ ಎಳೆದಿಟ್ಟು, ಅದರ ಮೇಲೆ ತಮ್ಮ ಕೈ ಒತ್ತಿದರು. ಏನು ಹಾಳಾಗಿದೆ ಎಂದು ಹುಬ್ಬಿನಲ್ಲೇ ಕೇಳಿದರು. ನನಗೆ ಬರೀ ಪಂಪಿನ ನಡುಕ ಗೊತ್ತಾಯಿತು. ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಅವರು ನನ್ನ ತಲೆಗೆ ಒಮ್ಮೆ, ತಮ್ಮ ತಲೆಗೆ ಒಮ್ಮೆ ಬೆರಳು ತಟ್ಟಿ, ಯಾರದು ಖಾಲಿ ಎಂಬಂತೆ ಹುಬ್ಬೇರಿಸಿದರು. ಅದನ್ನು ಅಕ್ಕ ಅನುವಾದಿಸಲಿಲ್ಲ. ಬೇಕಾಗಿಯೂ ಇರಲಿಲ್ಲ.

ಕಪಾಟಿನ ಬೀಗ ತೆಗೆದು ಉರುಳೆ ಕೊಟ್ಟರು. ನಾನು ಸುತ್ತಲು ಕೂತೆ. ಸಾಲು ತಪ್ಪಿ ತಂತಿ ಒಂದರ ಮೇಲೊಂದು ಏರಿತು. ಥತ್, ನಾನೊಂದು... ಎಂದು ಅಭ್ಯಾಸಬಲದಿಂದ ಆ ಪದ ಬಾಯಿಗೆ ಬಂದೇಬಿಟ್ಟಿತು. ಗಟ್ಟಿಯಾಗಿ ತುಟಿ ಮುಚ್ಚಿದೆ, ಒಂದಕ್ಷರವೂ ಹೊರಗೆ ಬೀಳಲಿಲ್ಲ. ತಲೆಯೆತ್ತಿದರೆ ಅವರು ಹೊಟ್ಟೆ ಹಿಡಿದುಕೊಂಡು ಶಬ್ದವಿಲ್ಲದೆ ನಗುತ್ತಿದ್ದಾರೆ. ಆ ಪದ ಶುರುವಾಗುವುದೇ ತುಟಿ ಮುಚ್ಚಿ.